ಕುರಿಯನ್ನು ಮರೆತ ಕಲ್ಪನಾಲೋಕ
ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಸೃಷ್ಟಿಸಿದ ಡೋತ್ರಾಕಿ ಅಲೆಮಾರಿಗಳಿಗೆ ಕುದುರೆಯೇ ದೈವ, ಕುರಿ ಸಾಕುವವರೆಂದರೆ ತಾತ್ಸಾರ. ಈ ಕಲ್ಪನೆ ನನಗೆ ಒಪ್ಪಿಗೆಯಾಗದು. ನಿಜಲೋಕದ ಅಲೆಮಾರಿಗಳು ಬಾಳುವ ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಕುರಿಯಿಲ್ಲದೆ ಮನೆಯೇ ನಿಲ್ಲದು: ಮಡಚಬಲ್ಲ ಮರದ ಜಾಲರಿಯ ಗೋಡೆ, ನೆತ್ತಿಯ ಬಳೆಗೆ ಸಿಕ್ಕಿಸಿದ ಗಳಗಳು, ಇವೆಲ್ಲದರ ಮೇಲೆ ಕುರಿಯುಣ್ಣೆಯನ್ನು ನೆನೆಸಿ, ಉರುಳಿಸಿ ಗಟ್ಟಿಮಾಡಿದ ಫೆಲ್ಟ್ ಹೊದಿಕೆ. ಇದೇ ಗೆರ್. ಕೆಲವೇ ಗಂಟೆಗಳಲ್ಲಿ ಬಿಚ್ಚಿ ಒಂಟೆಯ ಮೇಲೋ ಎತ್ತಿನ ಬಂಡಿಗೋ ಹೇರಬಹುದು. 1253ರಲ್ಲಿ ಆ ನಾಡಿನತ್ತ ಹೊರಟ ಪಾದ್ರಿ ರುಬ್ರುಕ್‌ನ ವಿಲಿಯಂ, ಬಂಡಿಯ ಮೇಲೆ ಇಡಿಯಾಗಿ ಕೂರಿಸಿದ ಮನೆಯೊಂದನ್ನು 22 ಎತ್ತುಗಳು ಎಳೆಯುತ್ತಿದ್ದುದನ್ನು ತಾನೇ ಎಣಿಸಿ ಬರೆದಿಟ್ಟಿದ್ದಾನೆ. ಕುದುರೆಯ ಕೆಲಸವೂ ಬರೀ ಯುದ್ಧವಲ್ಲ. ಬೇಸಿಗೆಯಲ್ಲಿ ಅದರ ಹುಳಿ ಬರಿಸಿದ ಹಾಲೇ ದೊಡ್ಡ ಆಹಾರ. ಚಳಿಗಾಲದಲ್ಲಿ ಅದು ಗೊರಸಿನಿಂದ ಹಿಮ ಕೆದರಿ ಮೇದ ಜಾಗದಲ್ಲೇ ಕುರಿಗಳಿಗೂ ಹುಲ್ಲು ಸಿಗುತ್ತದೆ.