ಒಡೆದ ಕಾಗದದಲ್ಲಿ ಬರೀ ಕ್ಷೇಮ

ಕಿಗ್ಗ ದಾಟಿ ಸಿರಿಮನೆ ಜಲಪಾತದ ಕಡೆ ಹೋಗುವ ದಾರಿಯ ಆಚೀಚೆ ಇರುವ ಮನೆಗಳಲ್ಲಿ ಫೋನಿಗೆ ಒಂದು ಗೊತ್ತಾದ ಜಾಗ ಇರುತ್ತದೆ. ನಮ್ಮ ಮನೆಯಲ್ಲಿ ಅದು ಜಗಲಿಯ ಕಿಟಕಿ. ಸರಳಿಗೆ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಕಟ್ಟಿದ್ದೇವೆ. ಫೋನನ್ನು ಅದರಲ್ಲಿ ನಿಲ್ಲಿಸಿದರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ, ಒಳಗೆ ತಂದರೆ ಅದೂ ಇಲ್ಲ. ಕಳೆದ ಮಳೆಗಾಲದ ಒಂದು ಸಂಜೆ ಒಂಬತ್ತನೇ ಕ್ಲಾಸಿನ ಮಗಳು ಬಚ್ಚಲಿಗೆ ಹೋಗಿದ್ದಳು. ಬಾಟಲಿಯೊಳಗಿನ ಫೋನು ಮಿನುಗಿತು. ತಾನಾಗಿ ಕಂಡದ್ದು ಒಂದೇ ಸಾಲು. ಉಳಿದದ್ದನ್ನು ನಾನೇ ಬೆರಳಿಟ್ಟು ತೆರೆದು ಓದಿದೆ. ಅವಳ ಗೆಳತಿ ಬರೆದಿದ್ದಳು: ನಿನ್ನೆ ರಾತ್ರಿ ಅಪ್ಪ ಮತ್ತೆ ಕುಡಿದು ಬಂದು ಅಮ್ಮನ ಮೇಲೆ ಕೈ ಮಾಡಿದರು ಅಂತ.

ಎರಡು ದಿನದ ಮೇಲೆ ಆ ಅಮ್ಮ ಸೊಸೈಟಿಯಲ್ಲಿ ಎದುರಾದರು. ಈ ಸಲ ಅಡಿಕೆಗೆ ಕೊಳೆ ಜೋರು, ಔಷಧಿ ಹೊಡೆಯೋಕೆ ಮಳೆ ಬಿಡ್ತಾ ಇಲ್ಲ ಅಂತ ಮಾತಾಡಿದೆವು. ಅವರ ಕೈ ಹಿಡಿದು ಏನಾಯಿತು ಎಂದು ಕೇಳಬೇಕೆನಿಸಿತು. ಕೇಳಿದ್ದರೆ, ನಿಮಗೆ ಯಾರು ಹೇಳಿದರು ಎನ್ನುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕದ್ದು ತಿಳಿದದ್ದರಿಂದ ಅವರಿಗೆ ಒಂದು ಕಾಸಿನ ಉಪಯೋಗವಾಗಲಿಲ್ಲ, ನನ್ನ ಬಾಯಿ ಮಾತ್ರ ಕಟ್ಟಿಹೋಯಿತು.

ಮಕ್ಕಳ ಫೋನನ್ನು ಹೆತ್ತವರು ನೋಡಬಹುದೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ತಾಯಿತಂದೆ ಮತ್ತು ಮಗುವಿನ ನಡುವಿನ ವಿಷಯವೆಂದೇ ತಿಳಿಯುತ್ತೇವೆ. ಆದರೆ ಒಂದು ಮೆಸೇಜಿಗೆ ಇಬ್ಬರು ಒಡೆಯರು. ನನ್ನ ಮಗಳ ಮೇಲೆ ನನಗೆ ಏನೇ ಅಧಿಕಾರವಿದ್ದರೂ ಆ ಗೆಳತಿಯ ಮನೆಯ ಒಳಕೋಣೆಗೆ ಇಣುಕುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ದೊಡ್ಡ ಪಟ್ಟಣದಲ್ಲಾದರೆ ಆ ಗೆಳತಿ ಬರೀ ಒಂದು ಹೆಸರು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಹಾಗಲ್ಲ. ಅವಳ ಅಜ್ಜನ ಕಾಲದಿಂದ ನಾವು ಬಲ್ಲ ಮನೆ ಅದು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುವವರು ಅವರು.

ನಮ್ಮ ಕಡೆಯ ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಇಲ್ಲಿ ಹೆಚ್ಚಿನವು ಒಂಟಿಮನೆಗಳು. ತೋಟ ಇಳಿದು, ಸಂಕ ದಾಟಿ, ಗುಡ್ಡ ಹತ್ತಿದರೆ ಮುಂದಿನ ಮನೆ. ಸಂಜೆ ಬಸ್ಸಿಳಿದ ಮಗುವಿಗೆ ಮಾರನೆಯ ಬೆಳಗಿನವರೆಗೆ ಓರಗೆಯವರ ಮುಖ ಕಾಣಲಿಕ್ಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳಕ್ಕೂ ಇಳಿಯುವ ಹಾಗಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಟಾರ್ಪಾಲಿನಡಿ ಕೂತು ಪಾಠ ಕೇಳಿದರು. ಫೋನನ್ನು ಅವರ ಕೈಗಿಟ್ಟವರು ನಾವೇ. ಈಗ ಅವರಿಗೆ ಆಟದ ಬಯಲು, ಅರಳಿಕಟ್ಟೆ, ಗುಟ್ಟು ಹೇಳಿಕೊಳ್ಳುವ ಮೂಲೆ ಎಲ್ಲವೂ ಅದೇ ಕಿಟಕಿಯ ಬಾಟಲಿಯಲ್ಲಿದೆ. ಅಲ್ಲಿ ಬಂದು ಹೋದದ್ದನ್ನೆಲ್ಲ ಓದುವುದೆಂದರೆ, ಮಕ್ಕಳು ಎಲ್ಲಿ ಕೂತು ಮಾತಾಡಿದರೂ ನಡುವೆ ಹೋಗಿ ಕೂತಂತೆ.

ಹೈಸ್ಕೂಲಿನಲ್ಲಿ ನಾನು ಹಾಸ್ಟೆಲಿನಲ್ಲಿದ್ದೆ. ಊರಿಗೆ ಬರೆಯುವ ಇನ್‌ಲ್ಯಾಂಡ್ ಲೆಟರನ್ನು ಅಂಟಿಸದೆ ವಾರ್ಡನ್ ಕೈಗೆ ಕೊಡಬೇಕಿತ್ತು. ಬರುವ ಕಾಗದಗಳು ಒಡೆದೇ ನಮ್ಮ ಕೈ ಸೇರುತ್ತಿದ್ದವು. ನಮ್ಮ ಒಳ್ಳೆಯದಕ್ಕೇ ಇರಬಹುದು. ಆದರೆ ಒಂದೇ ತಿಂಗಳಲ್ಲಿ ನಾನು ಬರೆಯುವುದನ್ನು ಕಲಿತೆ: ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ, ಪರೀಕ್ಷೆ ಚೆನ್ನಾಗಿ ಮಾಡಿದ್ದೇನೆ. ಆ ಚಳಿಗಾಲದಲ್ಲಿ ದೊಡ್ಡ ಹುಡುಗಿಯೊಬ್ಬಳು ರಾತ್ರಿ ದಿನಾ ನನ್ನ ಹೊದಿಕೆ ಕಿತ್ತುಕೊಳ್ಳುತ್ತಿದ್ದಳು, ತಿಂಡಿ ಡಬ್ಬ ಖಾಲಿ ಮಾಡುತ್ತಿದ್ದಳು, ಹೇಳಿದರೆ ನೋಡು ಎಂದು ಹೆದರಿಸುತ್ತಿದ್ದಳು. ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಆ ವರ್ಷದ ಕಾಗದಗಳು ಈಗಲೂ ಇವೆ. ಎಲ್ಲದರಲ್ಲೂ ನಾನು ಕ್ಷೇಮ.

ಹೆತ್ತವರ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಗುರುತಿಲ್ಲದವರು ಹುಡುಗಿಯೆಂದು ಹೇಳಿಕೊಂಡು ಹುಡುಗರ ಸ್ನೇಹ ಮಾಡುತ್ತಾರೆ. ಒಂದು ಫೋಟೋ ತರಿಸಿಕೊಂಡು, ಅದನ್ನೇ ಊರಿಗೆಲ್ಲ ಕಳಿಸುತ್ತೇನೆಂದು ದುಡ್ಡು ಕೇಳುತ್ತಾರೆ. ಹತ್ತನೇ ಕ್ಲಾಸು ಮುಗಿದ ಕೂಡಲೇ ನಮ್ಮ ಮಕ್ಕಳು ಪಿಯುಸಿಗೆಂದು ಘಟ್ಟ ಇಳಿದು ಮೂಡುಬಿದಿರೆ, ಮಂಗಳೂರಿಗೆ ಹೊರಡುತ್ತಾರೆ, ಹೊಸ ಫೋನಿನೊಂದಿಗೆ. ರಾತ್ರಿ ನಿದ್ದೆ ಹೇಗೆ ಬರಬೇಕು? ಆದರೆ ಮಗುವನ್ನು ನಿಜವಾಗಿ ಕೆಡಿಸುವ ಮೆಸೇಜು ನಾವು ಇಣುಕುವ ಹೊತ್ತಿಗೆ ಅಲ್ಲಿರುವುದೇ ಇಲ್ಲ. ವಾಟ್ಸಾಪ್ ತಾನಾಗಿ ಅಳಿದುಹೋಗುವ ಮೆಸೇಜುಗಳನ್ನು 2020ರಲ್ಲೇ ತಂದಿತು, ಒಂದೇ ಸಲ ನೋಡಬಹುದಾದ ಫೋಟೋಗಳನ್ನು 2021ರಲ್ಲಿ. ಅಂಥ ಮೆಸೇಜನ್ನು ನಮಗೆ ತಲುಪಿಸಬಲ್ಲದ್ದು ಮಗುವಿನ ಬಾಯಿ ಒಂದೇ. ಕದ್ದು ಓದುವ ತಾಯಿ ಮುಚ್ಚಿಸುವುದು ಆ ಬಾಯನ್ನು. ಸಿಕ್ಕಿಬಿದ್ದ ಮೇಲೆ ಮಗು ಎರಡನೇ ಖಾತೆ ತೆರೆಯುತ್ತದೆ, ನಮಗೆ ಕಾಣುವ ಮೊದಲನೆಯದರಲ್ಲಿ ಕ್ಷೇಮ ಬರೆಯುತ್ತದೆ.

ಗುಟ್ಟಾಗಿ ಹಾಕುವ ಬೇಹುಗಾರಿಕೆಯ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಗುವಿನ ಫೋಟೋ, ಮಾತು, ಓಡಾಟ ಎಲ್ಲವನ್ನೂ ಅವು ಮುಖ ಕಾಣದ ಯಾವುದೋ ಕಂಪನಿಯ ಕಣಜಕ್ಕೆ ತುಂಬುತ್ತವೆ. ಎಂಸ್ಪೈ ಎಂಬ ಆ್ಯಪ್‌ನಿಂದ 2015, 2018, 2024ರಲ್ಲಿ ಮಾಹಿತಿ ಸೋರಿಹೋಯಿತು. ಗೂಗಲ್‌ನ ಫ್ಯಾಮಿಲಿ ಲಿಂಕ್ ಬೇರೆ ಜಾತಿಯದು. ಎಷ್ಟು ಹೊತ್ತು ನೋಡಿದೆ, ಯಾವ ಆ್ಯಪ್ ಹಾಕಿದೆ ಎನ್ನುವುದು ಅದರಲ್ಲಿ ತಿಳಿಯುತ್ತದೆ, ಮೆಸೇಜಿನಲ್ಲಿ ಏನಿದೆ ಎಂಬುದು ಕಾಣುವುದಿಲ್ಲ. ನೋಡುತ್ತಿದ್ದಾರೆಂಬುದು ಮಗುವಿಗೂ ಗೊತ್ತಿರುತ್ತದೆ. ಹತ್ತು ಹನ್ನೊಂದರ ಮಗುವಿಗೆ ಅಷ್ಟು ಕಾವಲು ಸಾಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಸರ್ಕಾರ ಇಣುಕುವುದಾದರೆ ಅದಕ್ಕೆ ಕಾನೂನಿರಬೇಕು, ತಕ್ಕ ಉದ್ದೇಶವಿರಬೇಕು, ಉದ್ದೇಶಕ್ಕೆ ಮೀರಿ ಇಣುಕಬಾರದು ಎಂಬುದು ಆ ತೀರ್ಪಿನ ಅಳತೆಗೋಲು. ಅದನ್ನು ಮನೆಗೆ ತಂದು ಅಮ್ಮಂದಿರ ಮೇಲೆ ಕೇಸು ಹಾಕಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಳತೆ ಚೆನ್ನಾಗಿದೆ: ಮೊದಲೇ ಹೇಳಿದ ನಿಯಮ ಇದೆಯೇ, ಕಾರಣ ಇದೆಯೇ, ಇಷ್ಟು ಬೇಕೇ? 2023ರ ದತ್ತಾಂಶ ರಕ್ಷಣೆ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆನ್ನುತ್ತದೆ, ಅವರ ಮಾಹಿತಿ ಮುಟ್ಟಲು ಹೆತ್ತವರ ಒಪ್ಪಿಗೆ ಕೇಳುತ್ತದೆ. ಹೀಗೆ ನಮ್ಮನ್ನು ಕಾವಲಿಗೆ ಕೂರಿಸಿರುವುದು ಕಾನೂನೇ. ಹೊರಗಿನವರ ಕಣ್ಣು ಬೀಳದಂತೆ ಕಾಯುವ ಕೆಲಸ ಅದು.

ನಮ್ಮ ಮನೆಗಳಲ್ಲಿ ಓದಿಸಿಕೊಳ್ಳುವ ಫೋನು ಹೆಚ್ಚಾಗಿ ಹೆಣ್ಣುಮಕ್ಕಳದು. ಹಣ ಕಟ್ಟಿ ಆಡುವ ಆಟದಲ್ಲಿ ಮಗ ಸಾಲ ಮಾಡಿದ್ದು ಸಾಲದವನು ಮನೆಗೆ ಬಂದಾಗ ತಿಳಿಯುತ್ತದೆ. ಮಗಳು ಯಾರಿಗೆ ಉತ್ತರ ಬರೆದಳು ಎಂಬುದು ಮಾತ್ರ ಅದೇ ಸಂಜೆ ಗೊತ್ತಾಗಬೇಕು. ಇದನ್ನು ರಕ್ಷಣೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಮನೆತನದ ಮರ್ಯಾದೆಯ ಲೆಕ್ಕ ಅದು, ಮಗಳ ಕ್ಷೇಮದ್ದಲ್ಲ.

ಹಾಗಾದರೆ ಬಿಟ್ಟುಬಿಡುವುದೇ? ಖಂಡಿತ ಅಲ್ಲ. ಈಜು ಬಾರದ ಮಗುವನ್ನು ತುಂಗೆಗೆ ಇಳಿಸುವಾಗ ಸೊಂಟ ಹಿಡಿದೇ ಇಳಿಸುತ್ತೇವೆ, ಬಂದಷ್ಟು ಬಂದಷ್ಟು ಕೈ ಸಡಿಲಿಸುತ್ತೇವೆ. ಚಿಕ್ಕವರ ಫೋನನ್ನು ಅವರ ಪಕ್ಕದಲ್ಲೇ ಕೂತು ನೋಡಬೇಕು, ನೋಡುತ್ತೇವೆಂದು ಫೋನು ಕೊಡುವ ದಿನವೇ ಹೇಳಬೇಕು. ಹದಿನಾಲ್ಕು ಹದಿನೈದಕ್ಕೆ ಬಂದವರ ಮಾತುಕತೆ ಅವರದು. ಯಾರು ಯಾರು ಸ್ನೇಹಿತರು, ರಾತ್ರಿ ಫೋನು ಎಲ್ಲಿರಬೇಕು ಎನ್ನುವುದರಲ್ಲಿ ನಮ್ಮ ಮಾತು ನಡೆಯಲಿ. ಮಗು ಊಟ ಬಿಟ್ಟರೆ, ಫೋನು ಸದ್ದಾದಾಗ ಬೆಚ್ಚಿದರೆ, ನಿದ್ದೆಗೆಟ್ಟರೆ ಆಗ ತೆರೆಯಲೇಬೇಕು, ಅದರ ಎದುರಿಗೇ, ಹೇಳಿಯೇ. ಬೈಗುಳ ಆಮೇಲೂ ಇದ್ದೇ ಇದೆ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೋ, ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೋ ಫೋನು ಮಾಡಬೇಕು.

ಇಷ್ಟನ್ನು ಬರೆಯುವ ಮೊದಲು ಮಗಳಿಗೆ ಹೇಳಿದೆ, ನಿನ್ನ ಮೆಸೇಜು ಓದಿದ್ದೆ ಅಂತ. ನಾಲ್ಕು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಐದನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು: "ಅಮ್ಮಾ, ಅವಳಿಗೆ ಹೇಳ್ಲಾ?" ಹೇಳು ಅಂದೆ. ಹೇಳಿದಳು. ಮರುವಾರ ಆ ಹುಡುಗಿ ಬಂದಳು, ಕೊಡೆ ಮಡಚಿ ಜಗಲಿಯ ಮೂಲೆಗಿಟ್ಟು, ಕಿಟಕಿ ಹತ್ತಿರ ಕೂತು ಕಾಫಿ ಕುಡಿದಳು. ಮನೆಯ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೊರಡುವಾಗ, ನಿಮ್ಮಮ್ಮನಿಗೆ ಒಂದಿನ ಬರೋಕೆ ಹೇಳು ಎಂದೆ. ಹೂಂ ಅಂದಳು.