ದೇವರ ತಲೆಗೆ ಕಟ್ಟಿದ ಮಣ್ಣು

ಜಲವಿದ್ಯುತ್ತನ್ನು ‘ಶುದ್ಧ ಶಕ್ತಿ’ ಎಂದು ಕರೆಯುವುದು ರೂಢಿಯಾಗಿದೆ. ಹೊಗೆಯಿಲ್ಲ, ಬೂದಿಯಿಲ್ಲ, ನೀರು ಧುಮುಕುತ್ತದೆ, ಚಕ್ರ ತಿರುಗುತ್ತದೆ, ದೀಪ ಹತ್ತುತ್ತದೆ. ಈ ವರ್ಣನೆಯಲ್ಲಿ ಒಂದು ವಸ್ತು ಮಾತ್ರ ಸದಾ ಬಿಟ್ಟುಹೋಗುತ್ತದೆ: ಬೆಟ್ಟವನ್ನು ಅಗೆದು ಹೊರತೆಗೆದ ಕಲ್ಲುಮಣ್ಣು. ಉತ್ತರ ಭಾರತದಲ್ಲಿ ಅದನ್ನು ‘ಮಲಬಾ’ ಎನ್ನುತ್ತಾರೆ. ದೆಹಲಿಯಲ್ಲಿ ಮನೆಯ ಗೋಡೆ ಒಡೆಸಿ ಕಟ್ಟಿಸಿದ ಕನ್ನಡಿಗರಿಗೆಲ್ಲ ಈ ಪದ ಪರಿಚಿತ. ಗುತ್ತಿಗೆದಾರ ಅದನ್ನು ಇರುಳಿನಲ್ಲಿ ಯಾವುದೋ ಖಾಲಿ ಜಾಗದಲ್ಲಿ ಸುರಿದು ಕೈತೊಳೆದುಕೊಳ್ಳುತ್ತಾನೆ. ಹಿಮಾಲಯದ ಕಣಿವೆಗಳಲ್ಲಿ ಆ ಖಾಲಿ ಜಾಗ ನದಿಯ ದಂಡೆಯೇ ಆಗಿದೆ.

ಈ ಮಲಬಾ ಎಷ್ಟೆಂಬುದು ಗುಟ್ಟಲ್ಲ. 10 ಮೀಟರ್ ವ್ಯಾಸದ ಸುರಂಗವನ್ನು ಒಂದು ಕಿಲೋಮೀಟರ್ ಕೊರೆದರೆ ಸುಮಾರು 78,000 ಘನ ಮೀಟರ್ ಬಂಡೆ ಹೊರಬರುತ್ತದೆ. ಸಿಡಿದು ಚೂರಾದ ಬಂಡೆ ಮೊದಲಿದ್ದ ಜಾಗದಲ್ಲಿ ಹಿಡಿಸುವುದಿಲ್ಲ. ಸುಮಾರು ಒಂದೂವರೆ ಪಟ್ಟು ಜಾಗ ಬೇಡುತ್ತದೆ. 10 ಘನ ಮೀಟರ್ ಹಿಡಿಸುವ ಟಿಪ್ಪರ್‌ಗಳಲ್ಲಿ ಸಾಗಿಸಿದರೆ ಹೆಚ್ಚುಕಡಿಮೆ 12,000 ಲೋಡು. ಸತ್ಲುಜ್ ನದಿಯ ನಾಥ್ಪಾ ಝಾಕ್ರಿ ಯೋಜನೆಯ ಸುರಂಗ ಇದೇ ಗಾತ್ರದ್ದು, ಉದ್ದ 27 ಕಿಲೋಮೀಟರಿಗೂ ಹೆಚ್ಚು. ಉಳಿದ ಗುಣಾಕಾರ ಓದುಗರಿಗೆ ಬಿಟ್ಟದ್ದು. ಮೊದಲ ಸಿಡಿಮದ್ದು ಇಡುವ ಮುನ್ನವೇ ಈ ಅಂಕಿ ಎಂಜಿನಿಯರರ ಮೇಜಿನ ಮೇಲಿರುತ್ತದೆ. ಆದ್ದರಿಂದ ಮಲಬಾ ನದಿಗೆ ಸೇರಿದಾಗ ‘ಅನಿರೀಕ್ಷಿತ’ ಎಂಬ ಪದ ಬಳಸುವ ಹಕ್ಕು ಯಾರಿಗೂ ಇಲ್ಲ ಎಂಬುದೇ ನಮ್ಮ ವಾದ.

ಆದರೂ ಆ ಪದ ಬಳಕೆಯಾಗುತ್ತದೆ. ಉತ್ತರಾಖಂಡದ ಶ್ರೀನಗರದಲ್ಲಿ ಅಲಕನಂದಾ ನದಿಗೆ 330 ಮೆಗಾವ್ಯಾಟ್ ಸಾಮರ್ಥ್ಯದ ಯೋಜನೆ ನಿರ್ಮಾಣವಾಗುತ್ತಿತ್ತು. ಅಗೆದ ಮಣ್ಣನ್ನು ಪಟ್ಟಣದ ಮೇಲ್ಭಾಗದಲ್ಲಿ ನದಿಯಂಚಿಗೆ ಗುಡ್ಡೆ ಹಾಕಲಾಗಿತ್ತು. 2013ರ ಜೂನ್ ಮಧ್ಯದ ಮಹಾಪೂರ ಆ ಗುಡ್ಡೆಗಳನ್ನು ಕೊರೆದು ಕೆಳಗಿನ ಬಡಾವಣೆಗಳಿಗೆ ತಂದು ತುಂಬಿತು. ನೀರು ಇಳಿಯಿತು, ಹೂಳು ಇಳಿಯಲಿಲ್ಲ. ಮನೆಗಳು ಅದರಲ್ಲಿ ಹೂತುಹೋದವು. ನಿವಾಸಿಗಳು ಸಂಘಟಿತರಾಗಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಬಾಗಿಲು ತಟ್ಟಿದರು. ಇದು ದೈವಕೃತ್ಯ, ನಮ್ಮ ತಪ್ಪಲ್ಲ ಎಂದು ಕಂಪನಿ ವಾದಿಸಿತು. 2016ರ ಆಗಸ್ಟ್‌ನಲ್ಲಿ ನ್ಯಾಯಾಧಿಕರಣ ಆ ವಾದವನ್ನು ತಳ್ಳಿಹಾಕಿ ಸುಮಾರು 9.26 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.

ಮಳೆ ದೇವರದ್ದು ಎನ್ನೋಣ. ಗುಡ್ಡೆ ಯಾರದ್ದು? ಜಾಗ ಆರಿಸಿದವರು, ಟಿಪ್ಪರ್ ಕಳಿಸಿದವರು, ಸಾಗಣೆಯ ಬಿಲ್ಲು ಪಾಸು ಮಾಡಿದವರು ಮನುಷ್ಯರೇ. ಅಂಥ ಪ್ರವಾಹವನ್ನು ಯಾವ ತಡೆಗೋಡೆ ತಡೆದೀತು ಎಂದು ಕೆಲವರು ಕೇಳುತ್ತಾರೆ. ಪ್ರವಾಹದ ಮಟ್ಟಕ್ಕಿಂತ ಮೇಲೆ ಸುರಿದಿದ್ದರೆ ಗೋಡೆ ಆ ಪರೀಕ್ಷೆಯನ್ನು ಎದುರಿಸಬೇಕಾಗಿಯೇ ಇರಲಿಲ್ಲ. ಹಿಮಾಲಯದ ನದಿಗಳು ಮೊದಲೇ ಹೂಳು ಹೊರುತ್ತವೆ, ಇನ್ನಷ್ಟು ಸೇರಿದರೇನು ಎನ್ನುವವರೂ ಇದ್ದಾರೆ. ಹೂಳು ಮಿತಿಮೀರಿದಾಗ ನಾಥ್ಪಾ ಝಾಕ್ರಿಯ ಯಂತ್ರಗಳನ್ನೇ ನಿಲ್ಲಿಸಬೇಕಾಗುತ್ತದೆ. ಯಂತ್ರ ತಾಳದ ಹೂಳನ್ನು ದಂಡೆಯ ಮನೆ ತಾಳಬೇಕೆಂದರೆ ಅದು ಯಾವ ನ್ಯಾಯ?

ಮಾಡಬೇಕಾದುದು ಹೊಸ ವಿದ್ಯೆಯೇನಲ್ಲ. ಸುರಿಯುವ ಮೊದಲೇ ತಳದಲ್ಲಿ ತಡೆಗೋಡೆ ಏಳಬೇಕು. ತಂತಿಬಲೆಯಲ್ಲಿ ಕಲ್ಲು ತುಂಬಿ ಕಟ್ಟಿದರೂ ಆದೀತು, ನೀರು ಬಸಿಯುತ್ತದೆ, ಮಣ್ಣು ನಿಲ್ಲುತ್ತದೆ. ಮೇಲಿನಿಂದ ಹರಿದುಬರುವ ಮಳೆನೀರನ್ನು ಕಾಲುವೆ ತೋಡಿ ಗುಡ್ಡೆಯ ಪಕ್ಕಕ್ಕೆ ತಿರುಗಿಸಬೇಕು. ಮಣ್ಣನ್ನು ಪದರ ಪದರವಾಗಿ ಹರಡಿ ದಮ್ಮಸು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಅಗೆಯುವ ಮುನ್ನ ಎತ್ತಿಟ್ಟ ಮೇಲ್ಮಣ್ಣನ್ನು ಕೊನೆಗೆ ಹೊದಿಸಿ ಹುಲ್ಲು, ಗಿಡ ಹಿಡಿಸಬೇಕು. ನಮ್ಮ ಲಾವಂಚದ ಬೇರು ಇಳಿಜಾರಿನ ಮಣ್ಣನ್ನು ಹೇಗೆ ಹಿಡಿಯುತ್ತದೆಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಗಟ್ಟಿ ಬಂಡೆಯನ್ನು ಜಲ್ಲಿ ಮಾಡಿ ಅದೇ ಯೋಜನೆಯ ಕಾಂಕ್ರೀಟಿಗೆ ಬಳಸಿದರೆ ಗುಡ್ಡೆಯೇ ಚಿಕ್ಕದಾಗುತ್ತದೆ.

ಇದೆಲ್ಲ ಪರಿಸರ ನಿರ್ವಹಣಾ ಯೋಜನೆಯ ಪುಟಗಳಲ್ಲಿ ಅಚ್ಚುಕಟ್ಟಾಗಿ ಬರೆದಿರುತ್ತದೆ. ನೆಲಕ್ಕೆ ಇಳಿಯದ ಬರಹ ಊಟಕ್ಕಿಲ್ಲದ ಉಪ್ಪಿನಕಾಯಿ. ಮೇಲಿನ ಜಾಗಕ್ಕೆ ಸಾಗಿಸಲು ಡೀಸೆಲ್ ಬೇಕು, ಗೋಡೆಗೆ ತಿಂಗಳುಗಳು ಬೇಕು. ದಂಡೆಗೆ ಸುರಿಯಲು ಎರಡೂ ಬೇಡ. ಷರತ್ತುಗಳನ್ನು ಪಾಲಿಸಿದ್ದೇವೆಂದು ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸುವವರೂ ಯೋಜನೆ ಕಟ್ಟುವವರೇ. ಪರೀಕ್ಷೆ ಬರೆದವನೇ ಅಂಕ ಹಾಕಿಕೊಂಡಂತೆ.

ಹೊರನಾಡಿನ ನಮಗೇಕೆ ಈ ಉಸಾಬರಿ ಎಂಬ ಪ್ರಶ್ನೆ ಬರಬಹುದು. ದೆಹಲಿಯ ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನಲ್ಲಿ ಹಿಮಾಲಯದ ನದಿಗಳ ಪಾಲಿದೆ. ಮಣ್ಣನ್ನು ಸರಿಯಾಗಿ ಇಡುವ ಖರ್ಚು ನಮ್ಮ ಬಿಲ್ಲಿನಲ್ಲಿ ಸೇರದಿದ್ದರೆ ಅದನ್ನು ದಂಡೆಯವರು ಮನೆ ಕಳೆದುಕೊಂಡು ತೆರುತ್ತಾರೆ. ಯೂನಿಟ್ಟಿಗೆ ನಾಲ್ಕು ಕಾಸು ಹೆಚ್ಚಾದರೆ ಗೊಣಗುವ ನಾವೂ ಈ ಲೆಕ್ಕದಲ್ಲಿದ್ದೇವೆ. ತವರಿನ ಮಾತೂ ಬೇರೆಯಲ್ಲ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಸಿಂಗಳೀಕಗಳ ಕಾಡಿನಡಿ ಸುರಂಗ ಕೊರೆಯಬೇಕು. ಮೇಲೆ ಘಟ್ಟದ ಮುಂಗಾರು. ಅಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಮಣ್ಣು ಎಲ್ಲಿಗೆ?

ನಮ್ಮ ಬೇಡಿಕೆ ಮೂರು. ಮಣ್ಣು ಸುರಿಯುವ ಜಾಗ ಮತ್ತು ತಡೆಗೋಡೆ ಸಿದ್ಧವಾಗುವ ತನಕ ಸಿಡಿಮದ್ದಿಗೆ ಅನುಮತಿ ಬೇಡ. ಎಷ್ಟು ಹೊರಬಂತು, ಎಷ್ಟು ಜಾಗ ಸೇರಿತು ಎಂಬುದನ್ನು ಯೋಜನೆಗೆ ಸೇರದ ಸಂಸ್ಥೆ ಪ್ರತಿ ಮಳೆಗಾಲದ ಮುನ್ನ ಅಳೆದು ಊರಿನ ಭಾಷೆಯಲ್ಲಿ, ಪಂಚಾಯಿತಿಯ ಗೋಡೆಯ ಮೇಲೆ ಪ್ರಕಟಿಸಲಿ. ಪರಿಹಾರದ ಹಣ ಮೊದಲೇ ಠೇವಣಿಯಾಗಿರಲಿ. ಮನೆ ಹೂತವರು ಮೂರು ವರ್ಷ ಕಾಯುವಂತಾಗದಿರಲಿ. ಇಷ್ಟನ್ನೂ ಮಾಡಿದ ಮೇಲೆ ಏನಾದರೂ ಕೊಚ್ಚಿಹೋದರೆ, ಆಗ ದೇವರ ಹೆಸರು ಹೇಳಲಿ.