ಹೈಬ್ರಿಡ್ ಕಾರು: ಹೆರಿಗೆ ಬಿಡದಿಯಲ್ಲಿ, ಆರೈಕೆ ಎಲ್ಲಿ?

“ಚಾರ್ಜಿಗೆ ಎಲ್ಲಿ ಹಾಕ್ತೀರಾ ಸಾರ್?”

ಹೈಬ್ರಿಡ್ ಕಾರು ಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರೂ ಇದೇ, ಮದ್ದೂರಿನಲ್ಲಿ ವಡೆಗೆ ಇಳಿದರೂ ಇದೇ. “ಎಲ್ಲೂ ಹಾಕಲ್ಲ, ಪೆಟ್ರೋಲ್ ಹಾಕಿಸ್ತೀವಿ ಅಷ್ಟೆ” ಎಂದರೆ ಕೇಳಿದವರಿಗೆ ಸಮಾಧಾನವಿಲ್ಲ. “ಮತ್ತೆ ಬ್ಯಾಟರಿ ಯಾಕೆ?” ಎಂಬುದು ಎರಡನೆಯ ಪ್ರಶ್ನೆ.

ಕೇಳುವವರು ದಡ್ಡರೇನಲ್ಲ. ತಿಳಿಸಿ ಹೇಳುವವರು ಇಲ್ಲ, ಅಷ್ಟೆ. ತಮಾಷೆಯೆಂದರೆ ಈ ಕಾರುಗಳು ತಯಾರಾಗುವುದೇ ಇಲ್ಲಿ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. 2013ರಲ್ಲಿ ಇಲ್ಲಿಂದ ಕ್ಯಾಮ್ರಿ ಹೈಬ್ರಿಡ್ ಹೊರಬಂತು. ಅದು ಸಾಹುಕಾರರ ಗಾಡಿ, ಜನಸಾಮಾನ್ಯರು ದೂರದಿಂದ ನೋಡಿ ಸುಮ್ಮನಾದರು. 2022ರಲ್ಲಿ ಹೈರೈಡರ್, ಅದರ ಜೋಡಿಯಾದ ಮಾರುತಿ ಗ್ರ್ಯಾಂಡ್ ವಿಟಾರಾ, ಹಿಂದೆಯೇ ಇನ್ನೋವಾ ಹೈಕ್ರಾಸ್ ಬಂದವು. ಅಲ್ಲಿಂದ ಕಥೆ ಬದಲಾಯಿತು. ಬ್ಯಾಂಕ್ ಸಾಲ ಮಾಡಿಯಾದರೂ ಕೊಳ್ಳುವ ರೇಷ್ಮೆ ವ್ಯಾಪಾರಿ, ಗುತ್ತಿಗೆದಾರ, ದಿನಾ ಬೆಂಗಳೂರಿಗೆ ಓಡಾಡುವ ನೌಕರ, ಟ್ರಾವೆಲ್ಸ್ ಮಾಲೀಕ ಎಲ್ಲರೂ ಈಗ ಈ ಸಾಲಿನಲ್ಲಿದ್ದಾರೆ.

ಕೊಂಡವರ ಅನುಭವ ಏನು? ಕೊಂಡದ್ದು ಲಾಭವೇ, ನಷ್ಟವೇ? ನಾಳೆ ಕೆಟ್ಟರೆ ನೋಡುವವರು ಯಾರು? ಈ ಮೂರು ಪ್ರಶ್ನೆಗಳನ್ನು ಇಲ್ಲಿಯೇ, ಈಗಲೇ ಕೇಳಬೇಕಾಗಿದೆ.

ಬ್ರೇಕಿನಲ್ಲಿ ಹುಟ್ಟುವ ಕರೆಂಟು

ಹೈಬ್ರಿಡ್ ಎಂದರೆ ಒಂದೇ ಗಾಡಿಗೆ ಎರಡು ಎತ್ತು. ಒಂದು ಪೆಟ್ರೋಲ್ ಎಂಜಿನ್, ಇನ್ನೊಂದು ಕರೆಂಟ್ ಮೋಟಾರು. ಬೇರೆ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಇಲ್ಲಿ ಅದರಲ್ಲಿ ಒಂದು ಪಾಲನ್ನು ಮೋಟಾರು ಹಿಡಿದು, ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತದೆ. ನಿಧಾನಕ್ಕೆ ಸಾಗುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆರಿಹೋಗುತ್ತದೆ. ಕೂಡಿಟ್ಟ ಕರೆಂಟಿನಲ್ಲೇ ಗಾಡಿ ಮುಂದೆ ಜರುಗುತ್ತದೆ. ಜಪಾನಿನಲ್ಲಿ 1997ರಲ್ಲಿ ಪ್ರಿಯಸ್ ಎಂಬ ಕಾರು ಮಾರುಕಟ್ಟೆಗೆ ತಂದ ಉಪಾಯ ಇದೇ.

ಬ್ಯಾಟರಿ ಏನು ಭಾರಿ ದೊಡ್ಡದಲ್ಲ. ಹೈರೈಡರಿನ ಬ್ಯಾಟರಿ ಹಿಡಿಯುವುದು ಸುಮಾರು ಮುಕ್ಕಾಲು ಯೂನಿಟ್ ಕರೆಂಟನ್ನು, ಮನೆಯ ಇಸ್ತ್ರಿಪೆಟ್ಟಿಗೆ ಒಂದು ಗಂಟೆಯಲ್ಲಿ ಉಂಡು ಮುಗಿಸುವಷ್ಟು. ಅದಕ್ಕೇ ಅದು ಗಳಿಗೆಗೊಮ್ಮೆ ತುಂಬುತ್ತದೆ, ಗಳಿಗೆಗೊಮ್ಮೆ ಖಾಲಿಯಾಗುತ್ತದೆ. ಈ ಕಾರುಗಳಿಗೆ ಪ್ಲಗ್ಗೂ ಇಲ್ಲ, ವಿದ್ಯುತ್ ಕಾರಿನ ಹಸಿರು ನಂಬರ್ ಪ್ಲೇಟೂ ಇಲ್ಲ.

ಇಷ್ಟು ತಿಳಿದರೆ ಲಾಭ ಎಲ್ಲಿ ಎಂಬುದೂ ತಿಳಿಯುತ್ತದೆ. ಎಲ್ಲಿ ಬ್ರೇಕ್ ಜಾಸ್ತಿಯೋ ಅಲ್ಲಿ ಉಳಿತಾಯ ಜಾಸ್ತಿ. ನಾಯಂಡಹಳ್ಳಿಯ ಜಾಮಿನಲ್ಲಿ ಮುಕ್ಕಾಲು ಗಂಟೆ ತೆವಳುವವನಿಗೆ ಇದು ಕಾಮಧೇನು. ಎಂಜಿನ್ ನಿಂತಿದ್ದರೂ ಎ.ಸಿ. ನಡೆಯುತ್ತದೆ, ಕ್ಲಚ್ ಒತ್ತಿ ಒತ್ತಿ ಕಾಲು ಸೇದುವುದಿಲ್ಲ. “ಜಾಮ್ ಅಂದ್ರೆ ಮೊದಲು ಹೊಟ್ಟೆ ಉರೀತಿತ್ತು, ಈಗ ಮೈಲೇಜ್ ಏರೋದನ್ನ ನೋಡ್ತಾ ಕೂರ್ತೀನಿ” ಎನ್ನುತ್ತಾರೆ ರಾಮನಗರದಿಂದ ದಿನವೂ ಹೋಗಿಬರುವವರೊಬ್ಬರು.

ಅದೇ ಕಾರನ್ನು ಮೈಸೂರು ದಶಪಥಕ್ಕೆ ಹತ್ತಿಸಿ, ನೂರರ ವೇಗದಲ್ಲಿ ಬಿಡಿ. ಬ್ರೇಕ್ ಒತ್ತುವ ಪ್ರಮೇಯವೇ ಇಲ್ಲ. ಹೆಚ್ಚಿನ ಹೊತ್ತು ದುಡಿಯುವುದು ಪೆಟ್ರೋಲ್ ಎಂಜಿನ್ನೇ. ಹೈರೈಡರಿಗೆ ಲೀಟರಿಗೆ 27.97 ಕಿ.ಮೀ., ಹೈಕ್ರಾಸಿಗೆ 23.24 ಕಿ.ಮೀ. ಎಂದು ಪರೀಕ್ಷಾ ಕೇಂದ್ರದ ಸರ್ಟಿಫಿಕೇಟ್ ಹೇಳುತ್ತದೆ. ಹೆದ್ದಾರಿಯಲ್ಲಿ ಆ ಅಂಕಿ ನೋಡಿದವರು ಕಡಿಮೆ. ಉದ್ದನೆಯ ಏರಿನಲ್ಲಿ ಒತ್ತಿ ತುಳಿದರೆ ಎಂಜಿನ್ ಕಿರುಚುತ್ತದೆ ಎಂಬ ದೂರೂ ಇದೆ. ಮಧ್ಯಮ ಗಾತ್ರದ ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯ ಜಾಗ ತಿಂದಿದೆ. ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ ಹೇರಿಕೊಂಡು ಬರುವ ಸಂಸಾರಗಳಿಗೆ ಇದು ಸಣ್ಣ ವಿಷಯವಲ್ಲ.

ಲೆಕ್ಕ ಹಾಕಿ, ಆಮೇಲೆ ಕೊಳ್ಳಿ

ಷೋರೂಮಿನಲ್ಲಿ ಎಲ್ಲರಿಗೂ ಒಂದೇ ಲೆಕ್ಕ ಹೇಳುತ್ತಾರೆ. ಆದರೆ ಎಲ್ಲರ ರಸ್ತೆಯೂ ಒಂದೇ ಅಲ್ಲ.

ಮಾಮೂಲಿ ಪೆಟ್ರೋಲ್ ಗಾಡಿಗಿಂತ ಹೈಬ್ರಿಡ್‌ಗೆ ಎರಡು ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದು ಹಿಡಿಯಿರಿ. ನಗರದ ಓಡಾಟದಲ್ಲಿ ಮಾಮೂಲಿ ಕಾರು 14 ಕೊಡುವ ಕಡೆ ಹೈಬ್ರಿಡ್ 21 ಕೊಟ್ಟರೆ, ವರ್ಷಕ್ಕೆ 25,000 ಕಿ.ಮೀ. ಓಡಿಸುವವನಿಗೆ ಸುಮಾರು 59,500 ರೂ. ಉಳಿತಾಯ. ಮೂರೂವರೆ ವರ್ಷದೊಳಗೆ ಹಾಕಿದ ಹಣ ಕೈಗೆ ಬಂತು. ಅದೇ ಊರಿನಲ್ಲಿ ವರ್ಷಕ್ಕೆ 12,000 ಕಿ.ಮೀ. ಮಾತ್ರ ಓಡಿಸುವವನಿಗೆ ಉಳಿಯುವುದು 28,600 ರೂ. ಅವನು ಏಳು ವರ್ಷ ಕಾಯಬೇಕು. ಬರೀ ಹೆದ್ದಾರಿಯಲ್ಲಿ ವರ್ಷಕ್ಕೆ 12,000 ಕಿ.ಮೀ. ಓಡಿಸುವವನಿಗೆ ಮಾಮೂಲಿ ಕಾರು 17, ಹೈಬ್ರಿಡ್ 20 ಕೊಡುತ್ತದೆ ಎನ್ನಿ. ಅವನ ಎರಡು ಲಕ್ಷ ವಾಪಸ್ ಬರಲು ಹತ್ತೊಂಬತ್ತು ವರ್ಷ! ಅಷ್ಟರಲ್ಲಿ ಕಾರು ಗುಜರಿ ಸೇರಿರುತ್ತದೆ, ಮಗಳ ಮದುವೆಯೂ ಆಗಿರುತ್ತದೆ.

ರಾಜ್ಯದ ಜೀವಿತಾವಧಿ ತೆರಿಗೆ ಬೆಲೆಯ ಮೇಲೆ ಬೀಳುವುದರಿಂದ ಆ ಹೆಚ್ಚುವರಿ ಎರಡು ಲಕ್ಷಕ್ಕೂ ತೆರಿಗೆ ಕಟ್ಟಬೇಕು. ಉತ್ತರ ಪ್ರದೇಶ ಸರ್ಕಾರ 2024ರ ಜುಲೈನಲ್ಲಿ ಇಂಥ ಕಾರುಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು. ಗಾಡಿ ಹುಟ್ಟುವ ಊರಿನವರು ಪೂರಾ ಕಟ್ಟಿದರು, ದೂರದ ರಾಜ್ಯದವರು ವಿನಾಯಿತಿ ಪಡೆದರು! ಇರಲಿ, ಹೊಸ ಕಾರು ಕೊಳ್ಳುವ ಶಕ್ತಿ ಇದ್ದವರು ಅದನ್ನು ಹೇಗೋ ತೂಗಿಸಿಯಾರು. ತೂಗಿಸಲಾಗದ ಸಂಗತಿ ಬೇರೆ ಇದೆ.

ಕಿತ್ತಳೆ ವೈರಿನ ಭಯ

ಹೈಬ್ರಿಡ್ ಕಾರಿನ ಬಾನೆಟ್ ಎತ್ತಿದರೆ ಕಿತ್ತಳೆ ಬಣ್ಣದ ದಪ್ಪ ವೈರುಗಳು ಕಾಣುತ್ತವೆ. ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟ್ ಕರೆಂಟು. ಕೆಲಸಕ್ಕೆ ಮೊದಲು ಸರ್ವಿಸ್ ಪ್ಲಗ್ ಕೀಳಬೇಕು, ರಬ್ಬರ್ ಕೈಗವಸು ಹಾಕಬೇಕು, ಒಳಗೆ ಉಳಿದ ಕರೆಂಟ್ ಇಳಿಯುವವರೆಗೆ ಹತ್ತು ನಿಮಿಷ ಕಾಯಬೇಕು. ಗೊತ್ತಿಲ್ಲದೆ ಕೈಯಿಟ್ಟರೆ ಜೀವಕ್ಕೇ ಅಪಾಯ.

“ಕಿತ್ತಳೆ ವೈರ್ ಕಂಡ್ರೆ ಬಾನೆಟ್ ಮುಚ್ಚಿ ಕೈ ಮುಗೀತೀವಿ ಸಾಮಿ, ಕಂಪನಿಗೇ ಹೋಗಿ ಅಂತೀವಿ” ಎನ್ನುತ್ತಾನೆ ಹಳೇ ಹೆದ್ದಾರಿಯ ಬದಿ ಇಪ್ಪತ್ತೈದು ವರ್ಷದಿಂದ ಗ್ಯಾರೇಜ್ ನಡೆಸುವ ಮೇಸ್ತ್ರಿ. ಅವನ ಭಯ ನ್ಯಾಯವಾದದ್ದೇ. ಕಾರ್ಬುರೇಟರ್ ಹೋಗಿ ಎಂಪಿಎಫ್ಐ ಬಂದಾಗ ಇವನೇ ಕಲಿತ. ಕ್ವಾಲಿಸ್ ಹೋಗಿ ಇನ್ನೋವಾ ಬಂದಾಗಲೂ ಇವನೇ ಕಲಿತ. ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತ. ಈ ವಿದ್ಯೆಯನ್ನು ಹಾಗೆ ಕಲಿಯಲಾಗದು. ಇಲ್ಲಿ ಮೊದಲ ತಪ್ಪೇ ಕೊನೆಯ ತಪ್ಪಾದೀತು.

ಸಣ್ಣ ತೊಂದರೆಗಳಿಗೂ ಇದೇ ಗತಿ. ತಿಂಗಳುಗಟ್ಟಲೆ ನಿಂತ ಕಾರಿನ ಮಾಮೂಲಿ 12 ವೋಲ್ಟ್ ಬ್ಯಾಟರಿ ಇಳಿದು ಗಾಡಿ ಏಳದಿದ್ದರೆ, ದೊಡ್ಡ ಬ್ಯಾಟರಿಯೇ ಹೋಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ಸೀಟಿನ ಬಳಿಯ ಜಾಲರಿಯ ಮೂಲಕ ಬ್ಯಾಟರಿಗೆ ತಂಪು ಗಾಳಿ ಹೋಗುವ ಮಾದರಿಗಳಿವೆ. ಅದರ ಮೇಲೆ ಬ್ಯಾಗು, ಜಮಖಾನ ಹಾಕಿ ಮುಚ್ಚಿದರೆ, ಧೂಳು ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಆಯುಸ್ಸು ಕಳೆದುಕೊಳ್ಳುತ್ತದೆ. ಗಾಡಿ ಕೆಟ್ಟು ನಿಂತರೆ ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದು ಇಲ್ಲಿನ ರೂಢಿ. ಹೈಬ್ರಿಡ್ ಕಾರನ್ನು ಹಾಗೆ ಎಳೆದರೆ ಚಕ್ರದ ಜೊತೆ ಮೋಟಾರೂ ತಿರುಗಿ ಕರೆಂಟ್ ಹುಟ್ಟಿ ಕೆಡುತ್ತದೆ. ಗಾಡಿಯನ್ನು ಪೂರಾ ಲಾರಿಯ ಮೇಲೆ ಹೊರಿಸಬೇಕು. ಇಷ್ಟು ಹೇಳಿಕೊಡಲು ಎಂಜಿನಿಯರ್ ಬೇಕಾಗಿಲ್ಲ, ಒಂದು ಕರಪತ್ರ ಸಾಕು.

2030 ದೂರವಿಲ್ಲ

ಹೈಬ್ರಿಡ್ ಬ್ಯಾಟರಿಗೆ ಕಂಪನಿ ಕೊಡುವ ಗ್ಯಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. 2022ರಲ್ಲಿ ಕೊಂಡ ಕಾರುಗಳಿಗೆ ಆ ಗಡುವು ಮುಗಿಯುವುದು 2030ರಲ್ಲಿ. ಬಾಡಿಗೆಗೆ ಓಡುವ ಗಾಡಿಗಳಿಗೆ ಅಷ್ಟು ಕಾಲವೂ ಇಲ್ಲ, ಕಿಲೋಮೀಟರ್ ಮೊದಲೇ ತುಂಬುತ್ತದೆ.

ಆಗ ಆ ಕಾರುಗಳು ಯಾರ ಕೈಗೆ ಬರುತ್ತವೆ? ಮೊದಲು ಕೊಂಡ ಸಾಹುಕಾರ ಮಾರಿ ಹೊಸದಕ್ಕೆ ಹೋಗಿರುತ್ತಾನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವನು ಸಣ್ಣ ಅಂಗಡಿಯವನು, ಸ್ವಂತ ಟ್ಯಾಕ್ಸಿ ಕಟ್ಟುವ ಡ್ರೈವರ್, ಮೊದಲ ಬಾರಿಗೆ ಕಾರು ಕಾಣುವ ಸಂಸಾರ. ಬ್ಯಾಟರಿ ಹೋದರೆ ಹೊಸದು ಹಾಕಿಸುವ ಶಕ್ತಿ ಅವನಿಗಿಲ್ಲ. ಅವನು ಬರುವುದು ಇದೇ ಹಳೇ ಹೆದ್ದಾರಿಯ ಮೇಸ್ತ್ರಿಯ ಬಳಿಗೆ. ಮೇಸ್ತ್ರಿ ಕೈ ಮುಗಿದರೆ ಆ ಕಾರು ಹಿತ್ತಲಲ್ಲಿ ಕೋಳಿಗೂಡಾಗುತ್ತದೆ. ಕೈ ಮುಗಿಯದೆ ಧೈರ್ಯ ಮಾಡಿದರೆ ಇನ್ನೂ ಕೆಟ್ಟದ್ದು ಆದೀತು.

ಇದಕ್ಕೆ ಮದ್ದಿಲ್ಲವೇ? ಇದೆ. ಶ್ರೀಲಂಕಾಕ್ಕೆ ಜಪಾನಿನಿಂದ ಬಳಸಿದ ಹೈಬ್ರಿಡ್ ಕಾರುಗಳು ರಾಶಿ ರಾಶಿ ಬಂದವು. ಅಲ್ಲಿನ ಸಣ್ಣ ಗ್ಯಾರೇಜಿನವರು ಕಲಿತರು. ಪೂರಾ ಬ್ಯಾಟರಿ ಎಸೆಯದೆ, ಒಳಗಿನ ಬಿಲ್ಲೆಗಳಲ್ಲಿ ಸತ್ತದ್ದನ್ನಷ್ಟೇ ತೆಗೆದು ಬೇರೆ ಹಾಕುವ ಕಸುಬು ಅಲ್ಲಿ ಬೇರೂರಿತು. ಈ ಕಾರುಗಳನ್ನು ತಯಾರಿಸದ ದೇಶಕ್ಕೆ ಆದದ್ದು ಕಾರು ತಯಾರಿಸುವ ಜಿಲ್ಲೆಗೆ ಆಗದೇ?

ಸಾಧನ ಸಂಪತ್ತಿಗೇನೂ ಬರವಿಲ್ಲ. ಬಿಡದಿಯಲ್ಲಿ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಇದೆ, ಹಳ್ಳಿ ಹುಡುಗರನ್ನು ಕುಶಲ ಕೆಲಸಗಾರರನ್ನಾಗಿ ಮಾಡಿದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳು ಹೊಸ ಯಂತ್ರೋಪಕರಣ ಕಂಡವು. ಆದರೆ ಇವೆಲ್ಲ ಇರುವುದು ಹುಡುಗರಿಗೆ. ನಲವತ್ತೈದು ವಯಸ್ಸಿನ, ಏಳನೇ ಕ್ಲಾಸು ಓದಿದ, ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗೆ ಅಲ್ಲಿ ಬೆಂಚಿಲ್ಲ.

ಆಗಬೇಕಾದದ್ದು ಇಷ್ಟೆ. ಜಿಲ್ಲಾಡಳಿತ ಕಾರ್ಖಾನೆಯವರನ್ನೂ ಐಟಿಐ ಪ್ರಾಚಾರ್ಯರನ್ನೂ ಒಂದೇ ಮೇಜಿನ ಮುಂದೆ ಕೂರಿಸಲಿ. ಕೆಲಸದಲ್ಲಿರುವ ಮೆಕ್ಯಾನಿಕ್‌ಗಳಿಗೆ ಭಾನುವಾರದ ತರಗತಿ ಆರಂಭವಾಗಲಿ. ಪಾಠ ಕನ್ನಡದಲ್ಲಿರಲಿ, ಕಲಿತವರಿಗೆ ಸರ್ಟಿಫಿಕೇಟು, ಒಂದು ಜೊತೆ ಕೈಗವಸು ಸಿಗಲಿ. ದಶಪಥದ ಅಪಘಾತಗಳಿಗೆ ಮೊದಲು ಓಡುವ ಅಗ್ನಿಶಾಮಕ ದಳದವರಿಗೂ, ಟೋಯಿಂಗ್ ಗಾಡಿಯವರಿಗೂ ಕಿತ್ತಳೆ ವೈರಿನ ಪಾಠ ಆಗಲಿ. ಇದಕ್ಕೆ ಕೋಟಿ ಬೇಡ, ಶಂಕುಸ್ಥಾಪನೆ ಬೇಡ, ಹಾರ ತುರಾಯಿಯೂ ಬೇಡ.

ಮಾಲೀಕರೂ ತಮ್ಮ ಪಾಲಿನ ಕೆಲಸ ಮಾಡಲಿ. ವಾರಕ್ಕೊಮ್ಮೆ ಗಾಡಿ ಓಡಿಸಲಿ, ಗಾಳಿಯ ಜಾಲರಿ ಶುಚಿಯಾಗಿಡಲಿ. ಸದ್ದಿಲ್ಲದೆ ಸಾಗುವ ಗಾಡಿ ಎಂದು ಓಣಿಯಲ್ಲಿ ಮಕ್ಕಳು, ಮುದುಕರು ಕಂಡಾಗ ನಿಧಾನಿಸಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ, ಸೀಟ್ ಕವರ್ ನೋಡುವ ಮೊದಲು ಬ್ಯಾಟರಿ ಪರೀಕ್ಷೆಯ ಚೀಟಿ ಕೇಳಲಿ.

ಕಾರು ಮಾಡುವ ಊರು ಎಂಬ ಹೆಸರು ಬಿಡದಿಗೆ ಬಂದಾಗಿದೆ. ಅದೇ ಕಾರಿಗೆ ವಯಸ್ಸಾದಾಗ ಬಾನೆಟ್ ಎತ್ತಿ ನೋಡಬಲ್ಲ ಕೈಗಳೂ ಇಲ್ಲೇ ಇರಬೇಕು. ಆ ಕೈಗಳನ್ನು ಸಿದ್ಧಮಾಡುವ ಕೆಲಸ 2030ರಲ್ಲಿ ಶುರುಮಾಡಿದರೆ ತಡವಾಯಿತು. ಬರುವ ಭಾನುವಾರವೇ ಶುರುವಾದರೆ ಒಳ್ಳೆಯದು.